ಸವಾರನಿಳಿದ ಮೇಲೆ

ಪಶುವಿಗೆ ಮಾತು ಕೊಡುವದರಲ್ಲಿ ಕನ್ನಡಿಗರು ಯಾರಿಗೂ ಹಿಂದುಳಿದವರಲ್ಲ. ಪುಣ್ಯಕೋಟಿಯ ಕಥೆಗೆ ಕಣ್ಣು ತೇವವಾಗದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡಿನ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಂದಿನಿಂದ ಎತ್ತು, ಸಿಂಹ, ನರಿಗಳು ನಮಗೆ ರಾಜನೀತಿಯನ್ನು ಹೇಳಿಕೊಡುತ್ತ ಬಂದಿವೆ. ಆದರೆ ಮಾತು ಕೊಟ್ಟಷ್ಟು ಧಾರಾಳವಾಗಿ ನಾವು ಪಶುವಿಗೆ ಮೈಯನ್ನು ಕೊಟ್ಟಿದ್ದೇವೆಯೆ ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ಬರುವದಿಲ್ಲ. ನಮ್ಮ ಶಿಲ್ಪದಲ್ಲಿ ಪಶುಗಳಿಗೆ ಕೊರತೆಯಿಲ್ಲ, ನಿಜ. ಆದರೆ ಅಲ್ಲಿ ಪಶುವು ಯಾವಾಗಲೂ ಒಂದು ಕೆಲಸದ ಮೇಲಿರುವದು. ದೇವರನ್ನು ಹೊತ್ತಿರುವದು, ಬಾಗಿಲನ್ನು ಕಾದಿರುವದು, ಇಲ್ಲವೆ ಗುಡಿಯ ಅಧಿಷ್ಠಾನದಲ್ಲಿ ಸಾಲು ಹಿಡಿದು ನಡೆದಿರುವದು. ತನ್ನ ಪಾಡಿಗೆ ತಾನು ನಿಂತ ಪಶುವನ್ನು ಹುಡುಕಬೇಕಾಗುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಕಳೆದ ಅರ್ಧ ಶತಮಾನದಲ್ಲಿ ಭಾರತದ ಮೂರ್ತಿಕಾರರಲ್ಲಿ ಅನೇಕರು ಕಂಚಿನಲ್ಲಿ ಪಶುಗಳನ್ನು ಎರೆಯತೊಡಗಿದ್ದಾರೆ. ಆ ಪಶುಗಳ ಮೇಲೆ ದೇವರಿಲ್ಲ, ರಾಜನಿಲ್ಲ. ನಮ್ಮಂಥ ಜಿಲ್ಲೆಯ ವಾಚಕರು ಅವನ್ನು ಬಹುಮಟ್ಟಿಗೆ ಚಿತ್ರಗಳಲ್ಲಿಯೇ ನೋಡುವರು. ನೋಡಿ, "ಥೇಟ್ ಹಾಗೆಯೇ ಇದೆ" ಎಂದು ಮೆಚ್ಚುವರು. ಇಲ್ಲವೆ "ಇದರ ಕಾಲೇ ಸರಿಯಾಗಿಲ್ಲ" ಎಂದು ತಿರಸ್ಕರಿಸುವರು. ವಿಮರ್ಶೆಯು ಈ ಎರಡು ಮಾತುಗಳನ್ನು ದಾಟಿ ಹೋಗಬೇಕಾದರೆ ಅದಕ್ಕೊಂದು ಅಳತೆಗೋಲು ಬೇಕು. ಅದನ್ನು ಪಾರಿಸ್ಸಿನಿಂದ ತರಿಸಬೇಕಾಗಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಸೀಮೆಯಲ್ಲಿಯೇ ಅದು ಇರುವದೆಂಬದು ನನ್ನ ನಂಬಿಕೆ.

ಮೊದಲು ಲಕ್ಷ್ಮೇಶ್ವರಕ್ಕೆ ಹೋಗೋಣ. ಅಲ್ಲಿಯ ಸೋಮೇಶ್ವರಾಲಯದ ಗರ್ಭಗುಡಿಯಲ್ಲಿ ಶಿವಪಾರ್ವತಿಯರು ನಂದಿಯನ್ನೇರಿ ಕುಳಿತಿದ್ದಾರೆ. ಭಕ್ತನಾದ ಆದಯ್ಯನು ಸೌರಾಷ್ಟ್ರದಿಂದ ಸೋಮನಾಥನನ್ನು ಪುಲಿಗೆರೆಗೆ ತಂದನೆಂಬ ಕಥೆಯು ವಾಚಕರೆಲ್ಲರಿಗೂ ಗೊತ್ತಿರುವದೇ. ಅಷ್ಟು ದೂರದಿಂದ ಬಂದ ದೇವರಿಗೆ ವಾಹನ ಬೇಡವೆ? ಆದುದರಿಂದ ನಂದಿಯು ಇಲ್ಲಿ ಕೇವಲ ಲಾಂಛನವಲ್ಲ, ದಾರಿ ನಡೆದ ಎತ್ತು. ಇಷ್ಟಿದ್ದರೂ ದರ್ಶನಕ್ಕೆ ನಿಂತವನ ಕಣ್ಣು ಮೊದಲು ಸೇರುವದು ಶಿವನ ಮುಖವನ್ನು, ಆಮೇಲೆ ಪಾರ್ವತಿಯ ಮುಖವನ್ನು. ಎತ್ತಿನ ಮುಖಕ್ಕೆ ಬರುವಷ್ಟರಲ್ಲಿ ಹಿಂದಿನವರು ಮುಂದೆ ನೂಕಿರುತ್ತಾರೆ. ಹೊತ್ತವನ ಪಾಡೇ ಹೀಗೆ.

ಮುಂಡರಗಿ ತಾಲೂಕಿನ ಡಂಬಳದಲ್ಲಿ ಮಾತು ಸ್ವಲ್ಪ ಬೇರೆ. ಅಲ್ಲಿಯ ಗುಡಿಯು ತಾರೆಯ ಆಕಾರದ ತನ್ನ ವಿನ್ಯಾಸಕ್ಕಾಗಿ ವಿದ್ವಾಂಸರಲ್ಲಿ ಹೆಸರಾದುದು. ಆದರೆ ಊರವರ ಬಾಯಲ್ಲಿ ಅದು ದೊಡ್ಡಬಸಪ್ಪನ ಗುಡಿ. ಒಳಗಿನ ಲಿಂಗದ ಹೆಸರು ಹಿಂದೆ ಸರಿದು ಹೊರಗಿನ ಬಸವನ ಹೆಸರು ಮುಂದೆ ಬಂದಿದೆ. ಇಲ್ಲಿ ಸವಾರನಿಲ್ಲ, ಆದರೆ ಎತ್ತು ಕುಳಿತೇ ಇದೆ. ನಮ್ಮ ನಾಡಿನ ಕಲ್ಲಿನ ನಂದಿಗಳು ಹೆಚ್ಚಾಗಿ ಕುಳಿತಿರುವದೇಕೆ? ಭಕ್ತಿಯ ಭಂಗಿಯೆಂದು ಶಾಸ್ತ್ರಜ್ಞರು ಹೇಳುವರು. ಅದು ಸರಿಯಾದ ಮಾತು. ಆದರೆ ಕಲ್ಲುಕುಟಿಗನನ್ನು ಕೇಳಿದರೆ ಇನ್ನೊಂದು ಕಾರಣವನ್ನು ಹೇಳಿಯಾನು. ಎತ್ತಿನ ಮೈ ಭಾರ, ಕಾಲು ಸಣ್ಣ. ಕಲ್ಲಿಗೆ ಒತ್ತಡವನ್ನು ತಾಳುವ ಶಕ್ತಿಯುಂಟು, ಬಾಗಿಸಿದರೆ ತಾಳುವ ಶಕ್ತಿಯಿಲ್ಲ. ಅಷ್ಟು ದೊಡ್ಡ ಎತ್ತನ್ನು ನಾಲ್ಕು ಬಿಡಿ ಕಾಲುಗಳ ಮೇಲೆ ನಿಲ್ಲಿಸಹೋದರೆ ಒಂದಲ್ಲ ಒಂದು ದಿನ ಮೊಣಕಾಲು ಮುರಿದೀತು. ಆದುದರಿಂದಲೇ ಕಲ್ಲಿನ ಆನೆ ನಿಂತಲ್ಲಿ ಅದರ ಹೊಟ್ಟೆಯ ಕೆಳಗೆ ಅನೇಕ ವೇಳೆ ಕಲ್ಲನ್ನು ಹಾಗೆಯೇ ಉಳಿಸಿರುತ್ತಾರೆ. ಭಕ್ತಿಯೂ ಕಲ್ಲಿನ ಗುಣವೂ ಕೂಡಿ ನಮ್ಮ ಬಸವನನ್ನು ಕುಳ್ಳಿರಿಸಿವೆ.

ಕಂಚಿನಲ್ಲಿ ಈ ಕಟ್ಟು ಸಡಲುವದು. ತಾಮ್ರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ತವರವು ಸೇರಿದರೆ ಹುಟ್ಟುವ ಈ ಲೋಹವು ಗಟ್ಟಿಯೂ ಹೌದು, ಬಾಗುವಿಕೆಯನ್ನು ತಾಳುವದೂ ಹೌದು. ಓಡುವ ಜಿಂಕೆಯನ್ನು ಒಂದೇ ಗೊರಸಿನ ಮೇಲೆ ನಿಲ್ಲಿಸಬಹುದು. ಎತ್ತಿನ ಕಾಲುಗಳ ನಡುವೆ ಗಾಳಿ ಆಡಬಹುದು. ಆದುದರಿಂದ ಕಂಚಿನ ಪಶುವನ್ನು ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಕಂಚು ಕೊಟ್ಟ ಈ ಸ್ವಾತಂತ್ರ್ಯವನ್ನು ಮೂರ್ತಿಕಾರನು ಯಾತಕ್ಕೆ ಬಳಸಿದ್ದಾನೆ? ಪಶುವನ್ನು ತನ್ನ ಭಾರದ ಮೇಲೆ ತಾನು ನಿಲ್ಲುವಂತೆ ಮಾಡಿದ್ದಾನೆಯೆ, ಅಥವಾ ಹಳೆಯ ಸವಾರನನ್ನು ಇಳಿಸಿ ಕಣ್ಣಿಗೆ ಕಾಣದ ಹೊಸ ಸವಾರನನ್ನು ಕೂರಿಸಿದ್ದಾನೆಯೆ?

ಕಂಚಿನ ವಿದ್ಯೆಯು ನಮಗೆ ಹೊಸದೆಂದು ಯಾರೂ ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳಿಕೆ ೧೧೨೬-೧೧೩೮) ರಚಿಸಿದ ಮಾನಸೋಲ್ಲಾಸದಲ್ಲಿ ಮೇಣದ ಎರಕದ ಕ್ರಮವು ಅಂಗೈಯ ನೆಲ್ಲಿಯಷ್ಟು ಸ್ಪಷ್ಟವಾಗಿದೆ. ಈ ಗದಗ ಸೀಮೆಯೂ ಆಗ ಅವನ ಆಳಿಕೆಗೆ ಒಳಪಟ್ಟುದೆಂಬದನ್ನು ಮರೆಯಬಾರದು. ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದಬೇಕು. ಲೋಹವು ಹರಿಯಲು ನಾಳಗಳನ್ನು ಹಚ್ಚಬೇಕು. ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಕೂಡಿಸಿ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು. ಮೊದಲಿನ ಲೇಪ ತೆಳ್ಳಗೆ, ಕೊನೆಯದು ದಪ್ಪ, ನೆರಳಿನಲ್ಲಿಯೇ ಆರಿಸಬೇಕು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು ಅದರ ಲೆಕ್ಕದ ಮೇಲೆ ಲೋಹವನ್ನು ಗೊತ್ತುಮಾಡಬೇಕು. ಬೆಳ್ಳಿಗೊಂದು ಲೆಕ್ಕ, ಬಂಗಾರಕ್ಕೊಂದು ಲೆಕ್ಕ. ಬಳಿಕ ಕಾಯಿಸಿದರೆ ಮೇಣವು ಕರಗಿ ಹರಿದುಹೋಗುವದು; ಅದು ಬಿಟ್ಟ ಬಯಲಿನಲ್ಲಿ ಲೋಹವು ಬಂದು ನಿಲ್ಲುವದು. ಕೊನೆಗೆ ಮಣ್ಣನ್ನು ಒಡೆಯಬೇಕು. ಹೀಗೆ ಮೇಣವೂ ಹೋಯಿತು, ಅಚ್ಚೂ ಹೋಯಿತು. ಉಳಿದ ಮೂರ್ತಿಯು ಒಂದೇ. ಇದೇ ಗ್ರಂಥದಲ್ಲಿ ಆನೆಗಳನ್ನು ಹಿಡಿಯುವ, ಪಳಗಿಸುವ ವಿಷಯವೂ ಕುದುರೆಗಳ ಲಕ್ಷಣವೂ ಬೇಟೆಯ ವಿವರವೂ ಇವೆ. ಪಶುವಿನ ಮೈಯನ್ನು ಬಲ್ಲವನು, ಲೋಹದ ಗುಣವನ್ನು ಬಲ್ಲವನು, ಇಬ್ಬರೂ ಒಂದೇ ಹೊತ್ತಿಗೆಯಲ್ಲಿ ಕೂಡಿದ್ದರು.

ಹಾಗಾದರೆ ಆ ಕಾಲದ ಕಂಚುಗಳೆಲ್ಲ ನಮ್ಮ ಸೀಮೆಯಲ್ಲಿ ಎಲ್ಲಿ? ಕಲ್ಲು ಒಡೆದರೂ ಕಲ್ಲಾಗಿಯೇ ಬಿದ್ದಿರುತ್ತದೆ. ಲೋಹವನ್ನು ಕರಗಿಸಿದರೆ ಅದು ಕೊಡವಾಗುವದು, ಗಂಟೆಯಾಗುವದು, ತೋಪಾಗುವದು. ಲಕ್ಕುಂಡಿಯ ಅತ್ತಿಮಬ್ಬೆಯು ರತ್ನಖಚಿತವಾದ ೧೫೦೦ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂಬ ಕೀರ್ತಿಯು ಇಂದಿಗೂ ಉಳಿದಿದೆ. ಬಿಂಬಗಳು ಉಳಿದಿಲ್ಲ, ಅವಳು ಕಟ್ಟಿಸಿದ ಕಲ್ಲಿನ ಬಸದಿಯು ನಿಂತಿದೆ. ಬೆಲೆಯುಳ್ಳದಕ್ಕೆ ಆಯುಷ್ಯ ಕಡಿಮೆ.

ಆದರೆ ಎರಕದ ಮೂಲವಾದ ಕೈಗೆಲಸವು ನಮ್ಮಲ್ಲಿ ಸತ್ತಿಲ್ಲ. ಅದು ವರ್ಷಕ್ಕೊಂದು ದಿನ, ಜ್ಯೇಷ್ಠ ಬಹುಳದ ಅಮಾವಾಸ್ಯೆಗೆ, ಮನೆಮನೆಯಲ್ಲಿ ಎದ್ದು ಕೂಡುವದು. ಕಾರಹುಣ್ಣಿಮೆಯಲ್ಲಿ ಜೀವಂತ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿದು, ಹದಿನೈದು ದಿನ ಕಳೆಯುವಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ಕುಂಬಾರರು ಜೋಡೆತ್ತುಗಳನ್ನು ಮಾಡಿ ಮನೆಗೆ ತರುವರು, ಕಾಳು ಒಯ್ಯುವರು. ಕುಂಬಾರರು ಬರುವವರೆಗೆ ತಾಳಲಾರದ ಹುಡುಗರು ಹೊಲದ ಎರೆಮಣ್ಣನ್ನು ತಾವೇ ಹದಮಾಡಿ ಎತ್ತು ಮಾಡುವರು, ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ ಇಡುವರು. ಇದನ್ನು ಕಲೆಯೆಂದು ಯಾರೂ ಕರೆದಿಲ್ಲ. ಹಬ್ಬವೆಂದು ಕರೆದು ಮುಗಿಸಿದ್ದೇವೆ. ಆದರೆ ರಸಿಕನಾದವನು ಆ ಎತ್ತನ್ನು ಒಮ್ಮೆ ಅಂಗೈಯಲ್ಲಿಟ್ಟುಕೊಂಡು ನೋಡಲಿ. ಕಣ್ಣು ಮೂಗುಗಳ ವಿವರವೇನೂ ಇರುವದಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಂಡಿದ ಒಂದು ಗುಬುಟು, ಅದೇ ಹಿಣಿಲು. ಗಂಟಲಿನಿಂದ ಎದೆಯವರೆಗೆ ಎಳೆದ ಒಂದು ಮಡಿಕೆ, ಅದೇ ಗಂಗೆದೊಗಲು. ಕುತ್ತಿಗೆ ತುಸು ಮುಂದೆ, ತುಸು ಕೆಳಗೆ. ಏತಕ್ಕೆಂದರೆ ಆ ಎತ್ತಿಗೆ ನೊಗವನ್ನು ಬಲ್ಲ ಕುತ್ತಿಗೆಯುಂಟು. ಕಾಲುಗಳು ಮೊಂಡು, ಏತಕ್ಕೆಂದರೆ ಹಸಿಮಣ್ಣು ಭಾರವನ್ನು ಹೊರಲಾರದು. ಮಾಡಿದವನು ಎತ್ತಿನ ಚಿತ್ರವನ್ನು ಕಣ್ಣಿನಿಂದ ತೆಗೆಯಲಿಲ್ಲ. ದಿನಾ ನೇವರಿಸಿದ ಕೈಯಿಂದ ತೆಗೆದನು. ಎತ್ತಿನಲ್ಲಿ ಬಲ ಎಲ್ಲಿರುವದೋ ಅಲ್ಲಿಯೇ ಅವನ ಬೆರಳು ಒತ್ತಿದೆ, ಉಳಿದದ್ದನ್ನು ಬಿಟ್ಟುಬಿಟ್ಟಿದೆ. ಹಬ್ಬ ಮುಗಿದ ಮೇಲೆ ಅದು ನೀರಿಗೆ ಹೋಗುವದು.

ಇದೇ ನಾನು ಹೇಳಿದ ಅಳತೆಗೋಲು. ಒಳ್ಳೆಯ ಪಶುಮೂರ್ತಿಯಲ್ಲಿ ಭಾರ ಎಲ್ಲಿ ಬಿದ್ದಿದೆಯೆಂಬದು ಮಾಡಿದವನ ಕೈಗೆ ಗೊತ್ತಿರಬೇಕು. ಹೋಲಿಕೆಯು ಆಮೇಲಿನ ಮಾತು.

ಈ ಗೋಲನ್ನು ಹಿಡಿದು ಮೈಸೂರಿಗೆ ಹೋಗೋಣ. ಅರಮನೆಯ ಅಂಗಳದ ಕಂಚಿನ ಹುಲಿಗಳನ್ನು ದಸರೆಗೆ ಹೋದವರೆಲ್ಲ ನೋಡಿರುವರು. ಮಕ್ಕಳನ್ನು ಅವುಗಳ ಮುಂದೆ ನಿಲ್ಲಿಸಿ ಭಾವಚಿತ್ರ ತೆಗೆಸಿಕೊಂಡವರೂ ಉಂಟು. ೧೮೯೭ರಲ್ಲಿ ಹಳೆಯ ಮರದ ಅರಮನೆಯು ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ನನ ನಕಾಶೆಯಂತೆ ಕಟ್ಟಿದ ಹೊಸ ಅರಮನೆಯು ೧೯೧೨ರಲ್ಲಿ ಮುಗಿಯಿತು. ಹುಲಿಗಳನ್ನು ಮಾಡಿದವನು ವಿಲಿಯಂ ರಾಬರ್ಟ್ ಕೋಲ್ಟನ್ (೧೮೬೭-೧೯೨೧) ಎಂಬ ಆಂಗ್ಲ ಮೂರ್ತಿಕಾರ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರರ ಪ್ರತಿಮೆಯೂ ಅವನದೇ. ಕೆಲವರು ಇವನ್ನು ಹುಲಿಯೆನ್ನದೆ ಚಿರತೆಯೆನ್ನುವರು. ಈ ಗೊಂದಲವು ನನಗೆ ಹಿಡಿಸುತ್ತದೆ, ಏಕೆಂದರೆ ಕಂಚಿನ ಸ್ವಭಾವವೇ ಅದರಲ್ಲಿ ಬಯಲಾಗುವದು. ಪಟ್ಟೆಯೂ ಚುಕ್ಕೆಯೂ ಬಣ್ಣದ ಮಾತು. ಎರಕದವನಿಗೆ ಬಣ್ಣವಿಲ್ಲ, ಮೈಯೊಂದೇ. ಹುಲಿಯೋ ಚಿರತೆಯೋ ಎಂಬದನ್ನು ಅವನು ಹೆಗಲಿನಿಂದ, ದವಡೆಯಿಂದ, ಬೆನ್ನಿನ ಇಳಿಜಾರಿನಿಂದ ಹೇಳಬೇಕು.

ಕೋಲ್ಟನ್ನನು ಅಂಗರಚನೆಯನ್ನು ಚೆನ್ನಾಗಿ ಕಲಿತವನು. ಮುಂದಕ್ಕೆ ಎರಗಲಿರುವ ಮೃಗದ ಹೆಗಲಿನಲ್ಲಿ ಎಲುಬು ಹೇಗೆ ಮೇಲಕ್ಕೇಳುವದು, ತಲೆ ಹೇಗೆ ತಗ್ಗುವದು ಎಂಬದನ್ನು ಅವನ ಕೈ ಬಲ್ಲುದು. ಹೀಗಿದ್ದರೂ ಆ ಹುಲಿಗಳ ಮುಂದೆ ಹೆಚ್ಚು ಹೊತ್ತು ನಿಂತರೆ ಒಂದು ಕೊರತೆಯು ಕಾಣತೊಡಗುವದು. ಅವು ಯಾರ ಮೇಲೆಯೂ ಎರಗುವದಿಲ್ಲ. ಅವು ಅರಮನೆಯ ಪರವಾಗಿ ಗರ್ಜಿಸುವವು. ಬಾಗಿಲು ಕಾಯುವ ಹಳೆಯ ಕೆಲಸಕ್ಕೇ ಅವನ್ನು ಹೊಸ ಅಂಗರಚನೆಯೊಡನೆ ಹಚ್ಚಲಾಗಿದೆ. ಮೇಲೆ ಸವಾರನಿಲ್ಲವೆಂದು ಕಂಡರೂ ರಾಜ್ಯವೇ ಅವುಗಳ ಬೆನ್ನೇರಿದೆ. ಇದು ನಿಂದೆಯ ಮಾತಲ್ಲ. ಕೇಳಿದ್ದನ್ನು ಕೋಲ್ಟನ್ ಮಾಡಿಕೊಟ್ಟನು, ಕುಶಲತೆಯಿಂದ ಮಾಡಿಕೊಟ್ಟನು. ಆದರೆ ಇಂದಿನ ನಮ್ಮ ಮೂರ್ತಿಕಾರರಿಗೆ ಇದೇ ಮೇಲ್ಪಂಕ್ತಿಯಾಗಬೇಕೆಂದರೆ ನಾನು ಒಪ್ಪುವದಿಲ್ಲ.

ಪಶುವನ್ನೇ ಮುಖ್ಯಮಾಡಿಕೊಂಡ ಮೂರ್ತಿಕಾರರಿಗೆ ಯೂರೋಪಿನಲ್ಲಿಯೂ ಮೊದಲು ಮರ್ಯಾದೆ ಇರಲಿಲ್ಲವೆಂಬದನ್ನು ಇಲ್ಲಿ ನೆನೆಯಬಹುದು. ಪಾರಿಸ್ಸಿನ ಬಾರಿ (೧೭೯೫-೧೮೭೫) ಎಂಬವನು ಹುಲಿಯೊಂದು ನಮ್ಮ ಗಂಗೆಯ ಮೊಸಳೆಯನ್ನು ನುಂಗುತ್ತಿರುವ ಮೂರ್ತಿಯನ್ನು ೧೮೩೧ರ ಪ್ರದರ್ಶನದಲ್ಲಿಟ್ಟಾಗ ನೋಡಿದವರು ಬೆರಗಾದರು. ಆದರೆ ಅವನಿಗೂ ಅವನ ಜೊತೆಯವರಿಗೂ ವಿಮರ್ಶಕರು ಕೊಟ್ಟ 'ಪಶುಗಾರ' ಎಂಬರ್ಥದ ಹೆಸರು ಹಗುರದ ಮಾತಾಗಿಯೇ ಹುಟ್ಟಿತು. ವೀರರನ್ನೂ ದೇವತೆಗಳನ್ನೂ ಬಿಟ್ಟು ನಾಯಿ ನರಿಗಳನ್ನು ಮಾಡುವದೆಂದರೇನು!

ಆ ಸಂಪ್ರದಾಯದಲ್ಲಿ ನನಗೆ ಮಿಗಿಲಾಗಿ ಪ್ರಿಯನಾದವನು ಇಟಲಿಯ ರೆಂಬ್ರಾಂಟ್ ಬುಗಾಟಿ (೧೮೮೪-೧೯೧೬). ಮೋಟಾರು ತಯಾರಿಸಿ ಹೆಸರಾದ ಎತ್ತೋರೆ ಬುಗಾಟಿಯ ತಮ್ಮನೀತ. ಪಾರಿಸ್ಸಿನ ಮತ್ತು ಆಂಟ್ವರ್ಪಿನ ಮೃಗಾಲಯಗಳಲ್ಲಿ ಪ್ರಾಣಿಗಳ ಎದುರಿಗೇ ನಿಂತು, ಮೆತ್ತನೆಯ ಮಣ್ಣಿನಲ್ಲಿ ಬೆರಳು ಒತ್ತುತ್ತ ಮೂರ್ತಿ ತೆಗೆಯುವದು ಅವನ ಪದ್ಧತಿ. ಹೆಬ್ಬೆರಳಿನ ಒತ್ತುಗಳು ಮೇಣದ ಎರಕದಲ್ಲಿ ಕಂಚಿಗೂ ಹಾಗೆಯೇ ಇಳಿದಿವೆ; ಅವನ ಆನೆಯ ಚರ್ಮವನ್ನು ನೋಡಿದರೆ ಮಣ್ಣೆತ್ತಿನ ನೆನಪು ಬಾರದೆ ಇರದು. ಅವನ ಮೃಗಗಳು ಗರ್ಜಿಸುವದು ಕಡಿಮೆ. ಅವು ಮೇಯುವವು, ಮೈ ಕೆರೆದುಕೊಳ್ಳುವವು, ಪಂಜರದ ಬೇಸರದಲ್ಲಿ ನಿಂತಿರುವವು. ಮೊದಲನೆಯ ಮಹಾಯುದ್ಧದಲ್ಲಿ ಆಂಟ್ವರ್ಪಿನ ಮೃಗಾಲಯದ ಪ್ರಾಣಿಗಳನ್ನು ಕೊಲ್ಲಬೇಕಾಗಿ ಬಂದಿತು. ಬಡತನ, ರೋಗ, ಯುದ್ಧದ ಕ್ಲೇಶಗಳ ಜೊತೆಗೆ ಆ ದುಃಖವೂ ಕೂಡಿ ೧೯೧೬ರ ಜನವರಿಯಲ್ಲಿ ಬುಗಾಟಿಯು ಪಾರಿಸ್ಸಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಆಮೇಲೆ ಅಣ್ಣನು ತನ್ನ ಅತ್ಯಂತ ಬೆಲೆಯುಳ್ಳ ಮೋಟಾರಿನ ಮೂಗಿನ ಮೇಲೆ ತಮ್ಮನ ಆನೆಯನ್ನು ನಿಲ್ಲಿಸಿದನು. ಆನೆಗೆ ಮತ್ತೊಂದು ಕೆಲಸ ಬಿತ್ತು!

ನಮ್ಮ ನಾಡಿಗೇ ಮರಳಿದರೆ, ಕನ್ನಡ ಕರಾವಳಿಯ ತುಳುನಾಡಿನಲ್ಲಿ ಕಂಚಿನ ಪಶುವು ಬೇರೊಂದು ದಾರಿ ಹಿಡಿದಿದೆ. ಭೂತಾರಾಧನೆಯಲ್ಲಿ ಬಳಸುವ ಪಂಜುರ್ಲಿಯ ಮೊಗವನ್ನು ೨೦೨೨ರಲ್ಲಿ ತೆರೆಕಂಡ 'ಕಾಂತಾರ' ಚಲನಚಿತ್ರದಿಂದ ಈಗ ಎಲ್ಲರೂ ಬಲ್ಲರು. ಅದಕ್ಕೆ ಮೊದಲು ಘಟ್ಟದ ಮೇಲಿನ ನಮಗೆ ಅದು ಅಪರಿಚಿತವೇ ಆಗಿತ್ತು. ಪಂಜುರ್ಲಿಯೆಂದರೆ ಹಂದಿ. ಬೆಳೆದ ಪೈರನ್ನು ಒಂದೇ ರಾತ್ರಿಯಲ್ಲಿ ಉತ್ತು ಹಾಕುವ ಹಂದಿಯ ಕಾಟವನ್ನು ಕಪ್ಪತಗುಡ್ಡದ ಅಂಚಿನ ರೈತರಿಗೆ ವಿವರಿಸಬೇಕಾಗಿಲ್ಲ. ಆ ಶತ್ರುವನ್ನೇ ತುಳುವರು ದೈವವಾಗಿ ಮಾಡಿಕೊಂಡು, ಪೈರನ್ನು ಕಾಯುವ ಹೊಣೆಯನ್ನು ಅದಕ್ಕೇ ಒಪ್ಪಿಸಿದರು. ಕಂಚಿನ ಆ ಮೊಗದಲ್ಲಿ ಅಂಗರಚನೆಯನ್ನು ಹುಡುಕಿದರೆ ಸಿಗದು. ಕೋರೆಗಳು ಮೇಲಕ್ಕೆ ತಿರುವಿವೆ, ಮೂತಿಯು ಮುಂದಕ್ಕೆ ಚಾಚಿದೆ, ಕಣ್ಣುಗಳು ಮನುಷ್ಯನವಕ್ಕಿಂತ ದೊಡ್ಡವಾಗಿ ಹೊರಗೆ ಬಂದಿವೆ. ಆದರೂ ಇದು ಹಂದಿಯೇ ಹೌದು. ಕತ್ತಲಲ್ಲಿ ಹೊಲದ ನಡುವೆ ಎದುರಾದ ಹಂದಿ. ಭಯವು ನೋಡಿದ ಹಾಗೆ ಎರಕದವನು ಹೊಯ್ದಿದ್ದಾನೆ. ಮೈಸೂರಿನ ಹುಲಿಗೆ ಸಾಕ್ಷಿ ಅಂಗರಚನಾಶಾಸ್ತ್ರ. ಈ ಹಂದಿಗೆ ಸಾಕ್ಷಿ ಹೊಲ. ಮೇಲಾಗಿ ಇಲ್ಲಿ ಸವಾರಿಯ ಕ್ರಮವೇ ತಿರುಗುಮುರುಗಾಗಿದೆ. ದೈವವು ಮನುಷ್ಯನ ಮೈಮೇಲೆ ಬರುವದು. ಪಶುವು ಏರುವದು, ಮನುಷ್ಯನು ಹೊರುವದು. ಲಕ್ಷ್ಮೇಶ್ವರದ ನಂದಿಯು ಇದನ್ನು ಕಂಡರೆ ಏನೆಂದೀತೋ!

ಆದರೆ ಈಗ ಪೇಟೆಗೆ ಬಂದಿರುವ ಪಂಜುರ್ಲಿಯ ಗೋಡೆಬೊಂಬೆಗಳನ್ನು ಕಂಡು ಈ ಮೊಗವನ್ನು ಅಳೆಯಬಾರದು. ಭಂಡಾರದಲ್ಲಿ ಮುಚ್ಚಿಟ್ಟು, ನೇಮದ ರಾತ್ರಿಯಲ್ಲಿ ಮಾತ್ರ ದೀವಟಿಗೆಯ ಬೆಳಕಿಗೆ ತರುವ ವಸ್ತುವನ್ನು ಹಗಲೆಲ್ಲ ದಿವಾಣಖಾನೆಯ ಗೋಡೆಗೆ ತೂಗಹಾಕಿದರೆ ಅದು ಬರೇ ಅಲಂಕಾರವಾಗುವದು. ಅಲಂಕಾರವೂ ಒಂದು ಬಗೆಯ ಸವಾರನೇ.

ಇನ್ನು ನಮ್ಮ ಕಾಲದವರ ಮಾತು. ಬಂಗಾಲದ ಮೀರಾ ಮುಖರ್ಜಿಯವರು (೧೯೨೩-೧೯೯೮) ಜರ್ಮನಿಯ ಮ್ಯೂನಿಚ್ಚಿನಲ್ಲಿ ಶಿಕ್ಷಣ ಪಡೆದು ಬಂದವರು. ಬಂದ ಮೇಲೆ ಬಸ್ತರದ ಎರಕದವರ ಬಳಿ ಕುಳಿತು ಕಲಿತರು, ದೇಶದ ಲೋಹಕಾರರನ್ನು ಊರೂರು ತಿರುಗಿ ಕಂಡು ಬರೆದ ಅವರ ಗ್ರಂಥವು ೧೯೭೮ರಲ್ಲಿ ಹೊರಬಂದಿತು. ಮೇಣದ ಎಳೆಯನ್ನು ಮೈಗೆ ಸುತ್ತುವ ಬಸ್ತರದ ಪದ್ಧತಿಯಿಂದ ಅವರ ಕಂಚಿನ ಮೇಲ್ಮೈಯು ನೆಯ್ದ ಬಟ್ಟೆಯಂತೆ ಕಾಣುವದು. ನೇಕಾರರ ಊರಾದ ಬೆಟಗೇರಿಯವರು ಅದನ್ನು ಬೇಗ ಗುರುತಿಸಿಯಾರು. ಆದರೆ ನಮ್ಮ ಇಂದಿನ ವಿಷಯಕ್ಕೆ ಹೆಚ್ಚು ಹತ್ತಿರದವರು ಸೋಮನಾಥ ಹೋರ್ (೧೯೨೧-೨೦೦೬). ೧೯೪೩ರ ಬಂಗಾಲದ ಬರಗಾಲವನ್ನು ಕಣ್ಣಾರೆ ಕಂಡವರು ಅವರು. ಮೇಣವನ್ನು ತೆಳುವಾದ ಹಾಳೆಗಳನ್ನಾಗಿ ಮಾಡಿ, ಕತ್ತರಿಸಿ, ಹರಿದು, ಮಡಿಚಿ ಮೂರ್ತಿಯನ್ನು ಕಟ್ಟುವರು. ಹರಿದದ್ದು ಹರಿದಂತೆಯೇ ಕಂಚಿಗೆ ಬರುವದು. ಹೀಗೆ ಹುಟ್ಟಿದ ಅವರ ಆಡುಗಳಿಗೂ ನಾಯಿಗಳಿಗೂ ಹೊಟ್ಟೆಯೇ ಇಲ್ಲ. ಎಲುಬಿನ ಮೇಲೆ ಹೊದಿಸಿದ ಗಾಯದಂತಿದೆ ಚರ್ಮ. ಬೆಲೆಯುಳ್ಳ ಲೋಹದಲ್ಲಿ ಹಸಿವನ್ನು ತೆಗೆದದ್ದು ಸಣ್ಣ ಮಾತಲ್ಲ. ಒಂದು ಸಂಗತಿ: ತಾಯಿಮಗುವಿನ ಅವರ ದೊಡ್ಡ ಕಂಚೊಂದು ೧೯೭೭ರಲ್ಲಿ ಶಾಂತಿನಿಕೇತನದಿಂದ ಕಳುವಾಯಿತು, ಮತ್ತೆ ದೊರೆಯಲಿಲ್ಲ. ಲೋಹದ ಆಯುಷ್ಯದ ಬಗ್ಗೆ ಮೇಲೆ ಹೇಳಿದ್ದು ಹಿಂದಿನ ಕಾಲಕ್ಕೆ ಮಾತ್ರ ಸಲ್ಲುವ ಮಾತಲ್ಲ.

ಹೋರ್ ಅವರ ಆಡನ್ನು ನೋಡಿ "ಕಾಲು ಸರಿಯಿಲ್ಲ" ಎನ್ನುವವರು ಇರುವರು. ಆ ಆಡು ಹೇಗೆ ನಿಂತಿದೆಯೆಂಬದನ್ನು ಅವರು ಗಮನಿಸಲಿ. ಬಲವಿಲ್ಲದ ಪ್ರಾಣಿಯು ನಿಲ್ಲುವಾಗ ಭಾರವನ್ನು ಹೇಗೆ ಹಂಚುವದೋ ಹಾಗೆಯೇ ಹಂಚಿದೆ. ಮಣ್ಣೆತ್ತಿನ ಕುಂಬಾರನಿಗೆ ಬಲದ ಸ್ಥಾನವು ಗೊತ್ತಿದ್ದಂತೆ ಇವರಿಗೆ ಬಲವಿಲ್ಲದಿರುವ ಸ್ಥಾನವು ಗೊತ್ತು.

ಕನ್ನಡಿಗರಲ್ಲಿ ಕಂಚನ್ನು ಹೊಸದಾಗಿ ಪ್ರಶ್ನಿಸಿದವರೆಂದರೆ ಎಲ್. ಎನ್. ತಲ್ಲೂರ ಅವರು. ೧೯೭೧ರಲ್ಲಿ ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ ಹುಟ್ಟಿ, ಮೈಸೂರು, ಬಡೋದೆ, ಇಂಗ್ಲೆಂಡಿನ ಲೀಡ್ಸುಗಳಲ್ಲಿ ಕಲಿತು, ೨೦೧೨ರಲ್ಲಿ ಸ್ಕೋಡಾ ಪ್ರಶಸ್ತಿಯನ್ನು ಪಡೆದವರು. ಇವರನ್ನು ಪಶುಗಳ ಮೂರ್ತಿಕಾರರೆಂದು ಕರೆಯಲಾಗದು. ಆದರೆ ಇವರ 'ಯೂನಿಕೋಡ್' (೨೦೧೧) ಎಂಬ ಕೃತಿಯು ನಮ್ಮ ಪ್ರಶ್ನೆಗೆ ನೇರವಾಗಿ ತಾಗುವದು. ನಟರಾಜನ ಕಂಚಿನ ಪ್ರಭಾವಳಿ ಇದೆ, ಜ್ವಾಲೆಗಳಿವೆ; ನಡುವೆ ನಟರಾಜನಿಲ್ಲ. ಅವನ ಸ್ಥಳದಲ್ಲಿ ನಾಣ್ಯಗಳನ್ನು ಹುದುಗಿಸಿದ ಕಾಂಕ್ರೀಟಿನ ಉಂಡೆಯೊಂದು ಕುಳಿತಿದೆ. ದೇವರು ಎದ್ದುಹೋದ ಪೀಠದ ಮೇಲೆ ಈಗ ಏನು ಕುಳಿತಿದೆಯೆಂಬದನ್ನು ತಲ್ಲೂರ ಅವರು ಕಟುವಾಗಿ ತೋರಿಸಿದ್ದಾರೆ. ಇದೇ ಮಾತನ್ನು ವಾಹನಕ್ಕೆ ಹಚ್ಚಿ ನೋಡಿರಿ. ದೇವರಿಳಿದ ಎತ್ತಿನ ಬೆನ್ನು ಬಹಳ ದಿನ ಬರಿದಾಗಿರುವದಿಲ್ಲ; ಹಣ, ಊರಿನ ಪ್ರತಿಷ್ಠೆ, ಅಂಗಡಿಯ ಗುರುತು, ಏನಾದರೊಂದು ಏರಿ ಕೂಡುವದು. ತಲ್ಲೂರ ಅವರ ಕೃತಿಯಲ್ಲಿ ಬುದ್ಧಿಯು ತೀಕ್ಷ್ಣವಾಗಿದೆ, ವ್ಯಂಗ್ಯವು ಗುರಿತಪ್ಪುವದಿಲ್ಲ. ಆದರೆ ಇಂಥ ಕಲೆಯಲ್ಲಿ ಕೈಯ ಸುಖವು ಕಡಿಮೆಯೆಂದೂ ಹೇಳಲೇಬೇಕು. ಖಾಲಿ ಬೆನ್ನನ್ನು ತೋರಿಸುವದು ಒಂದು, ಆ ಬೆನ್ನಿನಲ್ಲಿ ಜೀವ ತರುವದು ಇನ್ನೊಂದು.

ಲಕ್ಷ್ಮೇಶ್ವರಕ್ಕೆ ದೂರವಲ್ಲದ ಶಿಗ್ಗಾಂವಿಯ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರು (೨೦೨೦ರಲ್ಲಿ ತೀರಿಕೊಂಡರು) ಕಟ್ಟಿದ ಉತ್ಸವ ರಾಕ್ ಗಾರ್ಡನನ್ನು ನಮ್ಮಲ್ಲಿ ಅನೇಕರು ನೋಡಿರುವರು. ಅಲ್ಲಿರುವದು ಕಂಚಲ್ಲ. ಆದರೆ ಹಳ್ಳಿಯ ದನಕರುಗಳನ್ನು ಅವುಗಳ ಒಕ್ಕಲುಮನೆಯ ನಡುವೆಯೇ ಇಟ್ಟು ತೋರಿಸಿದ ಅವರ ಧೈರ್ಯವು ದೊಡ್ಡದು. ಅಲ್ಲಿ ಹೋಲಿಕೆಯು ಎಷ್ಟು ಪೂರ್ಣವಾಗಿದೆಯೆಂದರೆ, ಮಣ್ಣೆತ್ತಿನಲ್ಲಿ ನಮ್ಮ ಮನಸ್ಸಿಗೆ ಉಳಿಯುವಷ್ಟು ಕೆಲಸವು ಉಳಿಯುವದಿಲ್ಲ. ಇದು ನನ್ನ ರುಚಿಯ ಮಾತು. ಮಕ್ಕಳು ಬೇರೆ ತೀರ್ಪು ಕೊಡುವರು, ಅವರದೂ ಸರಿಯಿದ್ದೀತು.

ಈ ಚರ್ಚೆಯು ಕೇವಲ ರಸಿಕರ ವಿನೋದವಾಗಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಎರೆಯ ಹೊಲಗಳನ್ನು ಉಳುವದಕ್ಕೆಂದೇ ಬೆಳೆಸಿದ ಕೃಷ್ಣಾ ಕಣಿವೆಯ ಭಾರವಾದ ಎತ್ತಿನ ತಳಿಯು ಇಂದು ವಿರಳವಾಗಿದೆ. ಹೊಲದಲ್ಲಿ ಟ್ರ್ಯಾಕ್ಟರು ಬಂದಂತೆ ಹಕ್ಕೆಯಲ್ಲಿ ಎತ್ತು ಕಡಿಮೆಯಾಗುತ್ತಿದೆ. ರೈತನನ್ನು ಇದಕ್ಕಾಗಿ ದೂರುವ ಹಕ್ಕು ಪೇಟೆಯಲ್ಲಿ ಕುಳಿತ ನಮಗಿಲ್ಲ. ಆದರೆ ಎತ್ತನ್ನು ನೇವರಿಸದ ಕೈಗೆ ಹಿಣಿಲನ್ನು ಎಲ್ಲಿ ಹಿಂಡಬೇಕೆಂಬದು ಹೇಗೆ ತಿಳಿದೀತು? ಅಮಾವಾಸ್ಯೆಯ ಸಂತೆಯಲ್ಲಿ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತುಗಳು ಈಗಾಗಲೇ ಕಾಣುತ್ತಿವೆ. ಅವಕ್ಕೆ ಕಣ್ಣುಂಟು, ರೆಪ್ಪೆಯುಂಟು, ಗೆಜ್ಜೆಯುಂಟು. ಕುತ್ತಿಗೆಯಲ್ಲಿ ನೊಗದ ನೆನಪಿಲ್ಲ. ನಾಳೆ ನಮ್ಮ ಪೇಟೆಯ ಯಾವದೊಂದು ಚೌಕದಲ್ಲಿ ಕಂಚಿನ ಎತ್ತನ್ನು ನಿಲ್ಲಿಸೋಣವೆಂದು ಹಿರಿಯರು ಸಂಕಲ್ಪಿಸಿದರೆ, ಮೂರ್ತಿಕಾರನು ಛಾಯಾಚಿತ್ರವನ್ನು ನೋಡಿ ಮಾಡುವನು. ಅದು ಥೇಟ್ ಹಾಗೆಯೇ ಇರುವದು, ನಾವೂ ಮೆಚ್ಚುವೆವು. ಅಂಥ ಸಂಕಲ್ಪ ಮಾಡುವವರಲ್ಲಿ ನನ್ನದೊಂದು ಬಿನ್ನಹವಿದೆ. ಕೆಲಸವನ್ನು ಒಪ್ಪಿಸುವ ಮೊದಲು ಮೂರ್ತಿಕಾರನನ್ನು ಒಂದು ವರ್ಷ ಈ ಸೀಮೆಯಲ್ಲಿ ಇರಿಸಿಕೊಳ್ಳಲಿ. ಕಾರಹುಣ್ಣಿಮೆಯನ್ನು ಅವನು ಇಲ್ಲಿಯೇ ಕಳೆಯಲಿ. ಕುಂಬಾರನ ಪಕ್ಕದಲ್ಲಿ ಕುಳಿತು ಒಂದು ಜೋಡಿ ಮಣ್ಣೆತ್ತು ಮಾಡಲಿ. ಎರಕದ ಖರ್ಚಿನ ಮುಂದೆ ಈ ಖರ್ಚು ಏನೂ ಅಲ್ಲ.

ಎತ್ತೇ ಆಗಬೇಕೆಂಬ ಹಟವೂ ನನಗಿಲ್ಲ. ಬುಗಾಟಿಗೆ ಆಂಟ್ವರ್ಪ್ ಇದ್ದಂತೆ ಗದುಗಿನವರಿಗೆ ಬಿಂಕದಕಟ್ಟಿಯ ಮೃಗಾಲಯವಿದೆ. ೨೦೧೯ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದಲ್ಲಿ ತೋಳವಿದೆ, ಕತ್ತೆಕಿರುಬವಿದೆ. ಶಿರಹಟ್ಟಿಯ ಹತ್ತಿರದ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುವವು. ಆ ಕೆರೆಯು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸೇರಿತು. ನಮ್ಮ ಕಾವ್ಯಗಳ ಹಂಸವು ಈ ಹೆಬ್ಬಾತೇ ಎಂದು ಕೆಲವು ವಿದ್ವಾಂಸರು ವಾದಿಸಿರುವರು. ಹಾಗಿದ್ದರೆ ಬ್ರಹ್ಮನನ್ನು ಹೊತ್ತು ಗುಡಿಗುಡಿಗಳಲ್ಲಿ ನಿಂತ ಪಕ್ಷಿಯಿದು. ಮಾಗಡಿಯಲ್ಲಿ ಅದರ ಬೆನ್ನ ಮೇಲೆ ಯಾರೂ ಇಲ್ಲ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ನೀರಿನ ಅಂಚಿಗೆ ಬಂದು, ಒಂದು ಕಾಲನ್ನು ಮಡಿಚಿ ನಿಂತುಬಿಡುವದು. ಅಷ್ಟು ಭಾರವಾದ ಮೈಯನ್ನು ಅಷ್ಟು ಸಣ್ಣ ಕಾಲಿನ ಮೇಲೆ ನಿಲ್ಲಿಸುವದು ಕಲ್ಲಿನಿಂದ ಆಗದು, ಮಣ್ಣಿನಿಂದಲೂ ಆಗದು.